ಬೆಳ್ಳಿ ನಾಣ್ಯ ಕೊಂಡ ಬೆಲೆಗೆ ಏಕೆ ಮಾರಾಟವಾಗುವುದಿಲ್ಲ?

ಪ್ರಶ್ನೆ: ನಾವು ಬೆಂಗಳೂರಿನ ರಾಜಾಜಿನಗರದಲ್ಲಿದ್ದೇವೆ. ಆರು ವರ್ಷಗಳಿಂದ ಕೈಯಲ್ಲಿ ಸ್ವಲ್ಪ ದುಡ್ಡು ಉಳಿದಾಗಲೆಲ್ಲ 10 ಗ್ರಾಂನ ಲಕ್ಷ್ಮಿ ನಾಣ್ಯ ಕೊಳ್ಳುತ್ತಾ ಬಂದಿದ್ದೇನೆ. ಈಗ 64 ನಾಣ್ಯಗಳಿವೆ. ಬೇರೆ ಬೇರೆ ಅಂಗಡಿಯವು, ಅರ್ಧಕ್ಕರ್ಧ ನಾಣ್ಯಗಳಿಗೆ ಬಿಲ್ ಇಲ್ಲ. ಮೊನ್ನೆ ಚಿಕ್ಕಪೇಟೆ ಕಡೆಯ ಅಂಗಡಿಯೊಂದರಲ್ಲಿ, ಮಾರಿದರೆ ಎಷ್ಟು ಬರುತ್ತದೆ ಎಂದು ಕೇಳಿದೆ. ಬೋರ್ಡಿನ ದರಕ್ಕಿಂತ ನೂರಕ್ಕೆ 14 ಕಡಿಮೆ ಹೇಳಿದರು. ನಾಣ್ಯದ ಮೇಲೆ 999 ಎಂದೇ ಒತ್ತಿದೆ. ಕೆಲವು ಕಪ್ಪಾಗಿವೆ, ಆದ್ದರಿಂದ ಚೊಕ್ಕ ಬೆಳ್ಳಿಯಲ್ಲ ಎಂದರು. ನಮ್ಮತ್ತೆ ಕೊಟ್ಟ 9 ವಿಕ್ಟೋರಿಯಾ ರಾಣಿ ರೂಪಾಯಿಗಳೂ ಇವೆ. ಮುಂದಿನ ತಿಂಗಳು ಚೀಟಿ ಹಣ 3 ಲಕ್ಷ ಕೈಗೆ ಬರುತ್ತದೆ. ಬೆಳ್ಳಿ ಇನ್ನು ಇಳಿಯುವುದೇ ಇಲ್ಲ, ಗಟ್ಟಿ ತೆಗೆದಿಡಿ ಎಂದು ಭಾವ ಹೇಳುತ್ತಾರೆ. ಮಗ ಇಟಿಎಫ್ (ಷೇರಿನಂತೆ ಕೊಂಡು ಮಾರಬಹುದಾದ ಬೆಳ್ಳಿ ಫಂಡ್) ಎನ್ನುತ್ತಾನೆ. ಮಗಳು ಈಗ ಪ್ರಥಮ ಪಿಯುಸಿ. ಅವಳ ಕಾಲೇಜು ಫೀಸಿಗೂ ಈ ಹಣವೇ ಆಗಬೇಕು. ಏನು ಮಾಡಲಿ?

ಉತ್ತರ: ನೂರಕ್ಕೆ 14 ಎಂಬ ಆ ಅಂಕಿಯಿಂದಲೇ ಶುರು ಮಾಡೋಣ. ಅದರೊಳಗೆ ನಿಮ್ಮ ನಾಣ್ಯಗಳ ಬಗ್ಗೆ ಒಂದು ಸುಳಿವಿದೆ.

ಅಂಗಡಿಯ ಬೋರ್ಡಿನಲ್ಲಿ ಇರುವುದು ಅವರು ಮಾರುವ ದರ. ಹಲವು ಕಡೆ ಅದರಲ್ಲಿ ಶೇ 3 ಜಿಎಸ್‌ಟಿಯೂ ಸೇರಿರುತ್ತದೆ. ನೀವು ಮನೆಯ ಬೆಳ್ಳಿ ಮಾರುವಾಗ ಆ ತೆರಿಗೆ ನಿಮಗೆ ವಾಪಸ್ ಬರುವುದಿಲ್ಲ. ಕೊಂಡ ದಿನವೇ ಅದು ಸರ್ಕಾರಕ್ಕೆ ಹೋಯಿತು. ಹಾಗಾಗಿ ಬೋರ್ಡಿನ 100 ರೂಪಾಯಿ ನಿಮ್ಮ ಪಾಲಿಗೆ ಮೊದಲೇ 97 ಆಗಿರುತ್ತದೆ. ಕರಗಿಸುವ ಖರ್ಚು, ಕರಗುವಾಗಿನ ಸವಕಲು, ವ್ಯಾಪಾರಿಯ ಲಾಭ ಎಲ್ಲ ಸೇರಿ ಇನ್ನು ಎರಡು ಮೂರು ರೂಪಾಯಿ ಹೋಗಲಿ. ನಾಣ್ಯ ನಿಜವಾಗಿ 999, ಅಂದರೆ ಸಾವಿರಕ್ಕೆ 999 ಪಾಲು ಬೆಳ್ಳಿ ಇದ್ದರೆ ನಿಮಗೆ 94 ರೂಪಾಯಿಯ ಆಸುಪಾಸು ಸಿಗಬೇಕು. ಅವರು ಹೇಳಿದ್ದು 86. ಈಗ ಅದೇ ನಾಣ್ಯ 925 ಎಂದು ಹಿಡಿದು ಲೆಕ್ಕ ಹಾಕಿ. 97ರಲ್ಲಿ ನೂರಕ್ಕೆ ಏಳೂವರೆ ಪಾಲು ಕಳೆದರೆ 90ಕ್ಕಿಂತ ಸ್ವಲ್ಪ ಕಮ್ಮಿ, ಮೇಲೆ ಖರ್ಚು ಮತ್ತು ಲಾಭ ಕಳೆದರೆ 86–87. ಅಂದರೆ ಅಂಗಡಿಯವರು ನಿಮ್ಮ ನಾಣ್ಯಗಳನ್ನು 925 ಬೆಳ್ಳಿ ಎಂದು ಎಣಿಸಿಯೇ ಬೆಲೆ ಕಟ್ಟಿದ್ದಾರೆ. ಅದು ಸರಿಯಾದ ಅಂದಾಜೂ ಆಗಿರಬಹುದು, ಅನುಮಾನದ ಲಾಭವನ್ನು ತಮ್ಮ ಕಡೆಗೆ ಇಟ್ಟುಕೊಂಡದ್ದೂ ಆಗಿರಬಹುದು. ಟಂಚ್, ಅಂದರೆ ಬೆಳ್ಳಿಯ ಶುದ್ಧತೆ, ನೋಡಿಸದೆ ಯಾವುದು ನಿಜವೆಂದು ಹೇಳಲಾಗದು. ಆದ್ದರಿಂದ ಪರೀಕ್ಷೆ ಆಗುವವರೆಗೆ ಒಂದು ನಾಣ್ಯವನ್ನೂ ಮಾರಬೇಡಿ.

ಕಪ್ಪಾದ ಬೆಳ್ಳಿ ಕಳಪೆ ಬೆಳ್ಳಿ ಎಂಬ ಮಾತು ತಪ್ಪು. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಮೈಗೆ ತಾಗಿ ಸಿಲ್ವರ್ ಸಲ್ಫೈಡ್ ಎಂಬ ತೆಳು ಪದರ ಕಟ್ಟುತ್ತದೆ, ಕಪ್ಪು ಬಣ್ಣ ಅದರದು. ಕಬ್ಬಿಣದ ತುಕ್ಕಿನಂತೆ ಒಳಗೆ ಕೊರೆದು ತಿನ್ನುವುದಿಲ್ಲ. 999 ಬೆಳ್ಳಿಯೂ ಕಪ್ಪಾಗುತ್ತದೆ. ತಾಮ್ರ ಬೆರೆತ 925 ಇನ್ನೂ ಬೇಗ ಕಪ್ಪಾಗುತ್ತದೆ ಎಂಬುದು ಮಾತ್ರ ನಿಜ. ಹಾಗೆಂದು ಬಣ್ಣ ನೋಡಿ ಟಂಚ್ ಹೇಳಲು ಯಾರಿಂದಲೂ ಆಗುವುದಿಲ್ಲ. ರಬ್ಬರ್ ಬ್ಯಾಂಡ್ ಸುತ್ತಿಟ್ಟ ನಾಣ್ಯ, ನ್ಯೂಸ್‌ಪೇಪರಿನಲ್ಲಿ ಮಡಿಸಿಟ್ಟ ನಾಣ್ಯ ಎಷ್ಟೇ ಚೊಕ್ಕವಾಗಿದ್ದರೂ ಮಸುಕಾಗುತ್ತದೆ, ಏಕೆಂದರೆ ಅವೆರಡರಲ್ಲೂ ಗಂಧಕವಿದೆ.

ಪರೀಕ್ಷೆ ಹೇಗೆ

ಮೊದಲು ಮನೆಯಲ್ಲೇ ಮಾಡಬಹುದಾದದ್ದು. ಅಯಸ್ಕಾಂತಕ್ಕೆ ಅಂಟಿಕೊಂಡರೆ ಅದು ಬೆಳ್ಳಿಯಲ್ಲ, ವಿಷಯ ಮುಗಿಯಿತು. ಅಂಟದಿದ್ದರೆ ಮಾತ್ರ ಏನೂ ಸಾಬೀತಾದಂತಲ್ಲ. ತಾಮ್ರ, ಸೀಸ, ಜರ್ಮನ್ ಸಿಲ್ವರ್ ಯಾವುದೂ ಅಂಟುವುದಿಲ್ಲ. ಜರ್ಮನ್ ಸಿಲ್ವರ್ ಎಂಬ ಹೆಸರು ಅನೇಕರನ್ನು ದಾರಿ ತಪ್ಪಿಸಿದೆ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ, ಒಂದು ಗುಂಜಿ ಬೆಳ್ಳಿಯೂ ಅದರಲ್ಲಿಲ್ಲ. ಹಬ್ಬದ ಉಡುಗೊರೆಯಾಗಿ ಬರುವ ನಾಣ್ಯಗಳಲ್ಲಿ ಬೆಳ್ಳಿ ಲೇಪ ಹಾಕಿದವೂ ಇರುತ್ತವೆ. ಮಂಜುಗಡ್ಡೆ ಇಟ್ಟು ಬೇಗ ಕರಗಿದರೆ ಬೆಳ್ಳಿ ಎಂಬ ವಿಡಿಯೊಗಳನ್ನು ನಂಬಬೇಡಿ, ತಾಮ್ರದ ಮೇಲೂ ಹೆಚ್ಚುಕಡಿಮೆ ಅಷ್ಟೇ ಬೇಗ ಕರಗುತ್ತದೆ.

ನಂಬಬಹುದಾದ ಮನೆ ಪರೀಕ್ಷೆ ನೀರಿನದು. ಗ್ರಾಂನ ನೂರನೇ ಒಂದು ಭಾಗದವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ನಾಣ್ಯವನ್ನು ಒಣಗಿದ್ದಾಗ ತೂಗಿ ಬರೆದುಕೊಳ್ಳಿ. ಆಮೇಲೆ ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ಹೊಲಿಗೆ ದಾರ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ಪೂರ್ತಿ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಮೈಗೆ ಅಂಟಿದ ಗುಳ್ಳೆಗಳನ್ನು ಮೆಲ್ಲಗೆ ತಟ್ಟಿ ಬಿಡಿಸಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ನೀರಿಗೆ ಹಾಕಿದ್ದರೆ ಗುಳ್ಳೆ ಕೂರುವುದು ಕಡಿಮೆ. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿ. ಬೆಳ್ಳಿಯಾದರೆ 10.49ರ ಹತ್ತಿರ ಬರಬೇಕು. 10 ಗ್ರಾಂ ನಾಣ್ಯಕ್ಕೆ ತಕ್ಕಡಿ 0.95 ತೋರಿಸುತ್ತದೆ. ಜರ್ಮನ್ ಸಿಲ್ವರ್ ಆದರೆ 1.15ರ ಹತ್ತಿರ ಹೋಗುತ್ತದೆ. 100 ಗ್ರಾಂ ಗಟ್ಟಿಗೆ 9.53 ಬರಬೇಕು, ಒಳಗೆ ಉಕ್ಕಿದ್ದರೆ 12 ದಾಟುತ್ತದೆ.

ಈ ಪರೀಕ್ಷೆಗೂ ಮಿತಿಯಿದೆ. ಖೋಟಾ ಹಿಡಿಯಲು ಇದು ಒಳ್ಳೆಯದು, ಟಂಚ್ ಅಳೆಯಲು ಅಲ್ಲ. 925 ಬೆಳ್ಳಿಯ ಸಾಂದ್ರತೆ 10.36ರ ಆಸುಪಾಸು. 10 ಗ್ರಾಂ ನಾಣ್ಯದಲ್ಲಿ ಆ ವ್ಯತ್ಯಾಸ ನೀರಿನ ಒಂದು ಸಣ್ಣ ಗುಳ್ಳೆಯಲ್ಲಿ ಕರಗಿಹೋಗುತ್ತದೆ. ಸೀಸದ ಸಾಂದ್ರತೆ 11.34, ಬೆಳ್ಳಿಗಿಂತ ಹೆಚ್ಚು. ಸೀಸಕ್ಕೆ ಹಗುರ ಲೋಹ ಬೆರೆಸಿ ಬೆಳ್ಳಿಯ ತೂಕಕ್ಕೆ ಸರಿಹೊಂದಿಸಿದರೆ ನೀರೂ ಮೋಸಹೋಗುತ್ತದೆ.

ಆದ್ದರಿಂದ ಎರಡನೇ ಹೆಜ್ಜೆ ಹಾಲ್‌ಮಾರ್ಕಿಂಗ್ ಕೇಂದ್ರ ಅಥವಾ ಟಂಚ್ ನೋಡುವ ಲ್ಯಾಬ್. ನಗರ್ತಪೇಟೆ, ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಸುತ್ತಮುತ್ತ ಇಂಥವು ಸಿಗುತ್ತವೆ. ಅಲ್ಲಿ ಮೊದಲು ಎಕ್ಸ್‌ಆರ್‌ಎಫ್ ಎಂಬ ಎಕ್ಸ್-ರೇ ಯಂತ್ರದಲ್ಲಿ ಇಡುತ್ತಾರೆ. ಒಂದೆರಡು ನಿಮಿಷದಲ್ಲಿ ಬೆಳ್ಳಿ ಎಷ್ಟು, ತಾಮ್ರ ಎಷ್ಟು ಎಂದು ಚೀಟಿ ಬರುತ್ತದೆ. ಆದರೆ ಆ ಕಿರಣ ಲೋಹದ ಮೇಲ್ಮೈಯ ತೆಳು ಪದರವನ್ನಷ್ಟೇ ಓದುತ್ತದೆ. ದಪ್ಪ ಲೇಪವಿದ್ದರೆ ಒಳಗೆ ಏನಿದ್ದರೂ ಯಂತ್ರ 999 ಎಂದೇ ಹೇಳೀತು. ಅದಕ್ಕೆ ಅಂಚಿನಲ್ಲಿ ಅರದಿಂದ ಸ್ವಲ್ಪ ಗೀರಿಸಿ, ಗೀರಿದ ಜಾಗದಲ್ಲೇ ಓದಿಸಿ. ನಿಖರ ಉತ್ತರ ಬೇಕಾದರೆ ಕರಗಿಸಿ, ಸಣ್ಣ ತುಣುಕು ತೆಗೆದು ಆಮ್ಲದಲ್ಲಿ ಕರಗಿಸಿ ಮಾಡುವ ಟೈಟ್ರೇಶನ್ ಪರೀಕ್ಷೆ ಇದೆ. ನೈಟ್ರಿಕ್ ಆಮ್ಲವನ್ನು ಮಾತ್ರ ಮನೆಗೆ ತರಬೇಡಿ. ಚರ್ಮ ಸುಡುತ್ತದೆ, ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು.

64ನ್ನೂ ಪರೀಕ್ಷಿಸುವ ಅಗತ್ಯವಿಲ್ಲ. ನಾಣ್ಯಗಳನ್ನು ಅಂಗಡಿವಾರು, ಮುದ್ರೆವಾರು ಗುಂಪು ಮಾಡಿ. ಹಿಂಬದಿಯ ಅಕ್ಷರದ ಆಕಾರ, ಅಂಚಿನ ಗೀರು, ಲಕ್ಷ್ಮಿಯ ಚಿತ್ರದ ವ್ಯತ್ಯಾಸ ನೋಡಿದರೆ ಗುಂಪುಗಳು ತಾವಾಗಿ ಬೇರೆಯಾಗುತ್ತವೆ. ಪ್ರತಿ ಗುಂಪಿನಿಂದ ಎರಡು ನಾಣ್ಯ ಸಾಕು. ಅದರಲ್ಲಿ ಒಂದನ್ನು ಕರಗಿಸಲು ಮನಸ್ಸು ಮಾಡಿ. ಒಂದು ನಾಣ್ಯ ಹೋದರೂ ಉಳಿದವುಗಳ ಬೆಲೆ ನಿಮಗೆ ಖಚಿತವಾಗಿ ಗೊತ್ತಾಗುತ್ತದೆ. ಆ ಚೀಟಿ ಕೈಯಲ್ಲಿ ಹಿಡಿದು ಮೂರು ಅಂಗಡಿಗಳಲ್ಲಿ ಕೇಳಿ. "ಇವತ್ತು ನೀವು 999 ಬೆಳ್ಳಿ ಕೊಳ್ಳುವ ದರ ಎಷ್ಟು?" ಎಂದೇ ಕೇಳಬೇಕು. ಬೋರ್ಡಿನ ದರದಲ್ಲಿ ಎಷ್ಟು ಕಳೆಯುತ್ತೀರಿ ಎಂದು ಕೇಳಿದರೆ ಮಾತು ಅವರ ದಾರಿಯಲ್ಲಿ ಹೋಗುತ್ತದೆ. ಕರಗಿಸಿಯೇ ಕೊಳ್ಳುವವರಾದರೆ ಮೊದಲು ನಿಮ್ಮೆದುರು ತೂಗಲಿ, ನಿಮ್ಮೆದುರೇ ಕರಗಿಸಲಿ, ಮತ್ತೆ ತೂಗಲಿ. ಮೂಸೆ ಒಳಗಿನ ಕೋಣೆಗೆ ಹೋಗುವುದಾದರೆ ನೀವೂ ಜೊತೆಗೆ ಹೋಗಿ. ಅದು ಅನುಮಾನವಲ್ಲ, ಪೇಟೆಯಲ್ಲಿ ನಡೆದುಬಂದಿರುವ ಪದ್ಧತಿ. 10 ಸಾವಿರ ರೂಪಾಯಿ ಮೀರಿದರೆ ನಗದು ಕೊಡಲು ವ್ಯಾಪಾರಿಗೆ ಆದಾಯ ತೆರಿಗೆಯ ತೊಡಕಿದೆ, ಆದ್ದರಿಂದ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ.

ನಾಣ್ಯ ಕೊಂಡದ್ದೇ ತಪ್ಪಾಯಿತೇ?

ಪೂಜೆಗೆ, ಉಡುಗೊರೆಗೆ ತಪ್ಪಲ್ಲ. ಉಳಿತಾಯಕ್ಕೆ ದುಬಾರಿ ದಾರಿ. ಲೆಕ್ಕ ಸುಲಭವಾಗಲಿ ಎಂದು ಬೆಳ್ಳಿ ಕಿಲೋಗೆ 1 ಲಕ್ಷ ಎಂದಿಟ್ಟುಕೊಳ್ಳಿ. 10 ಗ್ರಾಂ ನಾಣ್ಯದಲ್ಲಿ ಲೋಹ 1,000 ರೂಪಾಯಿಯದು. ಮಜೂರಿ 120 ಎಂದು ಹಿಡಿಯೋಣ. ಒಟ್ಟು 1,120ರ ಮೇಲೆ ಶೇ 3 ಜಿಎಸ್‌ಟಿ ಸೇರಿ ನೀವು ಕೊಡುವುದು 1,153 ರೂಪಾಯಿ 60 ಪೈಸೆ. ಅದೇ ಸಂಜೆ ಮಾರಿದರೆ ಒಳ್ಳೆಯ ಅಂಗಡಿಯಲ್ಲೂ ಸಿಗುವುದು 975. ಬೆಳ್ಳಿಯ ದರ ಶೇ 18 ಏರಿದ ಮೇಲೆ ನಿಮ್ಮ ಅಸಲು ಕೈಗೆ ಬರುತ್ತದೆ. ಈಗ ಒಂದು ಕಿಲೋ ಗಟ್ಟಿ ನೋಡಿ. ಲೋಹ 1 ಲಕ್ಷ, ತಯಾರಿಕೆಗೆ 1,000, ಜಿಎಸ್‌ಟಿ 3,030, ಒಟ್ಟು 1,04,030. ಮಾರಿದರೆ 98 ಸಾವಿರ. ಇಲ್ಲಿ ಶೇ 6 ಏರಿದರೆ ಸಾಕು. ಮಜೂರಿ ಅಂಗಡಿಯಿಂದ ಅಂಗಡಿಗೆ ಬೇರೆಯಾಗುತ್ತದೆ, ಆದರೆ ಚಿಕ್ಕದಾದಷ್ಟೂ ಗ್ರಾಂ ಲೆಕ್ಕದಲ್ಲಿ ದುಬಾರಿ ಎಂಬುದು ಎಲ್ಲ ಕಡೆಯೂ ಒಂದೇ. ಒಂದು ಅಚ್ಚು ಒತ್ತುವ, ಪಾಲಿಶ್ ಮಾಡುವ, ಡಬ್ಬಿಗೆ ಹಾಕುವ ಕೆಲಸ 10 ಗ್ರಾಂಗೂ ಅಷ್ಟೇ, 100 ಗ್ರಾಂಗೂ ಅಷ್ಟೇ.

ಹಾಗಾದರೆ ಕಿಲೋ ಗಟ್ಟಿಯೇ ಸರಿಯೇ? ನಿಮ್ಮಂಥ ಮನೆಗೆ ನನ್ನ ಉತ್ತರ ಇಲ್ಲ ಎಂದೇ. ಕಿಲೋ ಗಟ್ಟಿಯನ್ನು ಅರ್ಧ ಮಾಡಿ ಮಾರಲಾಗದು. ಕತ್ತರಿಸಿದರೆ ಮುದ್ರೆ, ಕ್ರಮಸಂಖ್ಯೆ ಎಲ್ಲ ಹೋಗಿ ಅದು ಬರೀ ಹಳೇ ಬೆಳ್ಳಿಯಾಗುತ್ತದೆ. ಆಸ್ಪತ್ರೆ ಖರ್ಚಿಗೆ 40 ಸಾವಿರ ಬೇಕಾದ ದಿನ ಪೂರ್ತಿ ಗಟ್ಟಿ ಮಾರಬೇಕಾಗುತ್ತದೆ, ಅದೂ ಅಂದಿನ ದರಕ್ಕೆ. 100 ಗ್ರಾಂ ಗಟ್ಟಿಗಳು ನಡುದಾರಿ. ಮಜೂರಿ ನಾಣ್ಯದಷ್ಟಿಲ್ಲ, ಬೇಕಾದಷ್ಟೇ ಮಾರಬಹುದು.

ಕೊಳ್ಳುವಾಗ ಗಟ್ಟಿಯ ಮೇಲೆ ತಯಾರಕರ ಹೆಸರು, ತೂಕ, 999 ಅಥವಾ 999.9, ಕ್ರಮಸಂಖ್ಯೆ ಒತ್ತಿರಬೇಕು. ಎಂಎಂಟಿಸಿ–ಪ್ಯಾಂಪ್‌ನಂಥ ಮಾನ್ಯತೆ ಪಡೆದ ಶುದ್ಧೀಕರಣಗಾರರ ಸೀಲ್ ಮಾಡಿದ ಕಾರ್ಡಿನಲ್ಲಿ ಬಂದರೆ ಅದನ್ನು ಬಿಚ್ಚಬೇಡಿ. ಸೀಲ್ ಒಡೆದ ಕ್ಷಣ ಅದು ಪರೀಕ್ಷೆ ಬೇಕಾದ ಬೆಳ್ಳಿಯಾಗುತ್ತದೆ. ಬಿಲ್‌ನಲ್ಲಿ ಕ್ರಮಸಂಖ್ಯೆ, ಶುದ್ಧತೆ, ಗ್ರಾಂ ದರ, ಮಜೂರಿ, ಜಿಎಸ್‌ಟಿ ಎಲ್ಲವೂ ಬೇರೆ ಬೇರೆ ಸಾಲಿನಲ್ಲಿರಲಿ. "ಬಿಲ್ ಬೇಡವೆಂದರೆ ಶೇ 3 ಉಳಿಯುತ್ತದೆ" ಎಂಬ ಮಾತಿಗೆ ಒಪ್ಪಿಕೊಂಡವರು ಮಾರುವ ದಿನ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತಾರೆ. ನಿಮಗೆ ಈಗ ಆಗಿರುವುದೂ ಒಂದು ಪಾಲು ಅದೇ. ಮಾರುವವರು ಮರಳಿ ಕೊಳ್ಳುತ್ತಾರೆಯೇ, ಯಾವ ದರಕ್ಕೆ ಎಂದು ಮೊದಲೇ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ. 2 ಲಕ್ಷ ಮೀರಿದ ಖರೀದಿಗೆ ಪ್ಯಾನ್ ಬೇಕು. 2 ಲಕ್ಷ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ತೆಗೆದುಕೊಳ್ಳುವುದು ಕಾನೂನುಬಾಹಿರ.

ಬೆಳ್ಳಿ ಒಡವೆ, ದೀಪ, ಪಾತ್ರೆಗಳ ವಿಷಯ ಬೇರೆ. ಚಿನ್ನದ ಹಾಲ್‌ಮಾರ್ಕ್ ಕಡ್ಡಾಯ, ಬೆಳ್ಳಿಯದು ಐಚ್ಛಿಕ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಬಂದಿದೆ. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ವಸ್ತುವಿನ ಶುದ್ಧತೆಯ ವಿವರ ಕಾಣುತ್ತದೆ. ಹಾಲ್‌ಮಾರ್ಕ್ ಇಲ್ಲದ ಕುಂಕುಮ ಬಟ್ಟಲು, ಟೊಳ್ಳು ದೀಪಗಳಲ್ಲಿ ಬೆಸುಗೆಯ ತೂಕವನ್ನೂ ಒಳಗೆ ತುಂಬಿದ ಅರಗಿನ ತೂಕವನ್ನೂ ನೀವು ಬೆಳ್ಳಿಯ ಬೆಲೆಗೆ ಕೊಂಡಿರುತ್ತೀರಿ. ಅವನ್ನು ಉಳಿತಾಯದ ಲೆಕ್ಕದಲ್ಲಿ ಸೇರಿಸಲೇಬೇಡಿ.

ಭಾವನವರ ಮಾತು

"ಬೆಳ್ಳಿ ಇಳಿಯುವುದೇ ಇಲ್ಲ" ಎಂಬುದು ಏರುವ ಕಾಲದಲ್ಲಿ ಹುಟ್ಟುವ ಮಾತು. 2011ರ ಏಪ್ರಿಲ್‌ನಲ್ಲೂ ಚಿನಿವಾರ ಪೇಟೆಯಲ್ಲಿ ಇದೇ ಮಾತಿತ್ತು. ಆಗ ಕಿಲೋ ಬೆಳ್ಳಿ 70 ಸಾವಿರ ದಾಟಿತ್ತು. 2015ರ ಕೊನೆಗೆ ಅದು ಅರ್ಧಕ್ಕೆ, 35 ಸಾವಿರದ ಆಸುಪಾಸಿಗೆ ಬಂತು. 2011ರಲ್ಲಿ ಕೊಂಡವರು ಅಸಲು ನೋಡಲು 2020ರ ಆಗಸ್ಟ್‌ವರೆಗೆ ಕಾದರು. ಡಾಲರ್ ಲೆಕ್ಕದಲ್ಲಿ ಕಾಯುವಿಕೆ ಇನ್ನೂ ಉದ್ದ. 1980ರ ಜನವರಿಯಲ್ಲಿ ಅಮೆರಿಕದ ಹಂಟ್ ಸಹೋದರರು ಬೆಳ್ಳಿ ಗುಡ್ಡೆಹಾಕಿದಾಗ ಔನ್ಸ್‌ಗೆ 50 ಡಾಲರ್ ಹತ್ತಿರ ಮುಟ್ಟಿದ ಬೆಲೆಯನ್ನು ಮಾರುಕಟ್ಟೆ ಸ್ಪಷ್ಟವಾಗಿ ದಾಟಿದ್ದು 2025ರ ಅಕ್ಟೋಬರ್‌ನಲ್ಲಿ. ನಡುವೆ 45 ವರ್ಷ.

ಬೆಳ್ಳಿ ಚಿನ್ನದಂತೆ ನಡೆದುಕೊಳ್ಳದಿರಲು ಕಾರಣಗಳಿವೆ. ಬೆಳ್ಳಿಯ ಬೇಡಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾರ್ಖಾನೆಗಳದು. ಸೋಲಾರ್ ಫಲಕ, ಎಲೆಕ್ಟ್ರಾನಿಕ್ಸ್, ವಾಹನದ ಬಿಡಿಭಾಗಗಳಿಗೆ ಅದು ಬೇಕು. ಆರ್ಥಿಕತೆ ಮಂಕಾದರೆ ಆ ಬೇಡಿಕೆ ಕುಗ್ಗುತ್ತದೆ. ಇನ್ನೊಂದು ಕಡೆ, ಗಣಿಯಿಂದ ಬರುವ ಬೆಳ್ಳಿಯ ಬಹುಪಾಲು ಸೀಸ, ಸತು, ತಾಮ್ರ, ಚಿನ್ನದ ಜೊತೆಗೆ ಉಪಉತ್ಪನ್ನವಾಗಿ ಬರುತ್ತದೆ. ರಾಜಸ್ಥಾನದ ಹಿಂದೂಸ್ತಾನ್ ಜಿಂಕ್ ಗಣಿಗಳ ಬೆಳ್ಳಿಯೂ ಹಾಗೇ. ಬೆಲೆ ಏರಿತೆಂದು ಬೆಳ್ಳಿಯನ್ನು ತಟ್ಟನೆ ಹೆಚ್ಚು ತೆಗೆಯಲಾಗದು. ಇಳಿಯಿತೆಂದು ನಿಲ್ಲಿಸುವುದೂ ಇಲ್ಲ. ಸತುವಿಗಾಗಿ ಗಣಿ ನಡೆಯುತ್ತಲೇ ಇರುತ್ತದೆ. ಹೀಗಾಗಿ ಏರಿಳಿತ ಎರಡೂ ಕಡೆಗೆ ಒರಟು.

ಮೇಲೆ ನಮ್ಮ ರೂಪಾಯಿ ದರ ಹೇಗೆ ಹುಟ್ಟುತ್ತದೆ ಎಂದೂ ನೋಡಿ. ಒಂದು ಕಿಲೋ ಎಂದರೆ 32.15 ಔನ್ಸ್. ಔನ್ಸ್‌ಗೆ 50 ಡಾಲರ್, ಡಾಲರ್‌ಗೆ 90 ರೂಪಾಯಿ ಎಂದಾದರೆ 1,44,675. ಆಮದು ಸುಂಕ ಶೇ 6 ಎಂದು ಹಿಡಿದರೆ 1,53,355. ಜಿಎಸ್‌ಟಿ ಸೇರಿ 1,57,956. ಡಾಲರ್ ಏರಿದರೆ ಲಂಡನ್ನಿನಲ್ಲಿ ಬೆಳ್ಳಿ ಕದಲದಿದ್ದರೂ ಇಲ್ಲಿ ಏರುತ್ತದೆ. ಸುಂಕ ಇಳಿದರೆ ನಿಮ್ಮ ಬೀರುವಿನ ಬೆಳ್ಳಿಯೂ ರಾತ್ರೋರಾತ್ರಿ ಇಳಿಯುತ್ತದೆ. 2024ರ ಜುಲೈ ಬಜೆಟ್ ಸುಂಕವನ್ನು ಶೇ 15ರಿಂದ 6ಕ್ಕೆ ತಂದಾಗ ಆದದ್ದು ಇದೇ. ಪತ್ರಿಕೆಗಳಲ್ಲಿ ಬರುವ ಎಂಸಿಎಕ್ಸ್ (ಸರಕು ವಿನಿಮಯ ಕೇಂದ್ರ) ದರದಲ್ಲಿ ಜಿಎಸ್‌ಟಿ ಸೇರಿರುವುದಿಲ್ಲ, ಅಂಗಡಿಯ ದರಕ್ಕೆ ಹೋಲಿಸುವಾಗ ನೆನಪಿರಲಿ.

ಆದ್ದರಿಂದ ಮಗಳ ಫೀಸಿನ ಹಣ ಬೆಳ್ಳಿಗೆ ಹೋಗಬಾರದು. ಈ ಒಂದು ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಅವಳು ಕಾಲೇಜಿಗೆ ಸೇರಲು ಎರಡು ವರ್ಷವೂ ಇಲ್ಲ. ಸೀಟು ಸಿಕ್ಕ ವಾರದಲ್ಲಿ ಫೀಸು ಕಟ್ಟಬೇಕು, ಆ ವಾರ ಬೆಳ್ಳಿ ಕೆಳಗಿದ್ದರೆ ಕಾಲೇಜು ಕಾಯುವುದಿಲ್ಲ. ಮೊದಲ ವರ್ಷದ ಫೀಸು, ಹಾಸ್ಟೆಲ್, ಲ್ಯಾಪ್‌ಟಾಪ್ ಎಲ್ಲ ಸೇರಿಸಿ ಅಂದಾಜು ಹಾಕಿ, ಅಷ್ಟನ್ನು ಬ್ಯಾಂಕಿನಲ್ಲಿ ಎರಡು ಮೂರು ಎಫ್‌ಡಿಗಳಾಗಿ ಒಡೆದು ಇಡಿ. ಆರು ತಿಂಗಳ ಮನೆ ಖರ್ಚು ಬೇರೆ ಇಲ್ಲದಿದ್ದರೆ ಅದಕ್ಕೂ ಸ್ವಲ್ಪ ತೆಗೆದಿಡಿ. ಐದಾರು ವರ್ಷ ಮುಟ್ಟದೆ ಇರಬಹುದಾದ ಹಣ ಉಳಿದರೆ ಮಾತ್ರ ಬೆಳ್ಳಿಯ ಮಾತು. ಮನೆಯ ಒಟ್ಟು ಉಳಿತಾಯದಲ್ಲಿ ನೂರಕ್ಕೆ ಐದರಿಂದ ಹತ್ತು ಬೆಳ್ಳಿಯಲ್ಲಿದ್ದರೆ ಸಾಕು ಎಂಬುದು ನನ್ನ ಅಭಿಪ್ರಾಯ. ನಿಮ್ಮ 640 ಗ್ರಾಂ ಆಗಲೇ ಆ ಲೆಕ್ಕದಲ್ಲಿದೆ, ಅದನ್ನು ಮರೆಯಬೇಡಿ.

ಮಗ ಹೇಳುವ ಇಟಿಎಫ್

ಬರೀ ಬೆಲೆಯ ಏರಿಕೆ ಬೇಕು, ಲೋಹ ಕೈಯಲ್ಲಿರಲೇಬೇಕೆಂದಿಲ್ಲ ಎನ್ನುವವರಿಗೆ ಮಗನ ದಾರಿ ಅಗ್ಗ. ಬೆಳ್ಳಿ ಇಟಿಎಫ್‌ಗಳು ನಮ್ಮಲ್ಲಿ ಶುರುವಾದದ್ದು 2022ರ ಜನವರಿಯಲ್ಲಿ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಫಂಡ್ ತನ್ನ ಆಸ್ತಿಯ ಕನಿಷ್ಠ ಶೇ 95ನ್ನು ಬೆಳ್ಳಿ ಮತ್ತು ಬೆಳ್ಳಿಗೆ ಸಂಬಂಧಿಸಿದ ಸಾಧನಗಳಲ್ಲಿ ಇಡಬೇಕು. ಕೈಯಲ್ಲಿ ಇಟ್ಟುಕೊಳ್ಳುವ ಲೋಹ 999 ಶುದ್ಧತೆಯ 30 ಕಿಲೋ ಗಟ್ಟಿಗಳು. ಮಜೂರಿ ಇಲ್ಲ, ಟಂಚ್ ಚಿಂತೆ ಇಲ್ಲ, ಲಾಕರ್ ಇಲ್ಲ. ಯೂನಿಟ್ ಕೊಳ್ಳುವಾಗ ನೀವು ಶೇ 3 ಜಿಎಸ್‌ಟಿ ಕಟ್ಟುವುದಿಲ್ಲ. ಬದಲಿಗೆ ಫಂಡಿನ ವಾರ್ಷಿಕ ಖರ್ಚು, ಬ್ರೋಕರೇಜ್, ಡಿಮ್ಯಾಟ್ ಶುಲ್ಕ ಇರುತ್ತವೆ.

ಅಲ್ಲೂ ಒಂದು ಗುಂಡಿ ಇದೆ. ಯೂನಿಟ್‌ನ ಮಾರುಕಟ್ಟೆ ಬೆಲೆ ಅದರೊಳಗಿನ ಬೆಳ್ಳಿಯ ಬೆಲೆಗಿಂತ ಹೆಚ್ಚಾಗಿಬಿಡಬಹುದು. 2025ರ ಅಕ್ಟೋಬರ್‌ನಲ್ಲಿ ಧನತ್ರಯೋದಶಿಯ ಹೊತ್ತಿಗೆ ದೇಶದಲ್ಲಿ ಬೆಳ್ಳಿಯ ಅಭಾವ ಬಂದು ಹೀಗೆಯೇ ಆಯಿತು. ಕೆಲವು ಫಂಡ್ ಸಂಸ್ಥೆಗಳು ಬೆಳ್ಳಿ ಫಂಡ್‌ಗಳಲ್ಲಿ ಒಂದೇ ಸಲದ ಹೂಡಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದವು. ಆಗ ಹೆಚ್ಚು ಕೊಟ್ಟು ಕೊಂಡವರು ಬೆಳ್ಳಿಯ ಜೊತೆಗೆ ಅಭಾವವನ್ನೂ ಕೊಂಡಂತಾಯಿತು. ಅಭಾವ ಕರಗಿದರೆ ಆ ಹೆಚ್ಚುವರಿಯೂ ಕರಗುತ್ತದೆ. ಕೊಳ್ಳುವ ಮುನ್ನ ಫಂಡಿನ ಜಾಲತಾಣದಲ್ಲಿ ಆ ಹೊತ್ತಿನ ಐಎನ್‌ಎವಿ (ಯೂನಿಟ್‌ನೊಳಗಿನ ಬೆಳ್ಳಿಯ ಅಂದಾಜು ಬೆಲೆ) ನೋಡಿ, ಅದರ ಹತ್ತಿರದ ಬೆಲೆಗೆ ಲಿಮಿಟ್ ಆರ್ಡರ್ (ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂಬ ಆರ್ಡರ್) ಹಾಕಲು ಮಗನಿಗೆ ಹೇಳಿ. ಮೊಬೈಲ್ ಆ್ಯಪ್‌ಗಳಲ್ಲಿ ಹತ್ತು ರೂಪಾಯಿಗೂ ಸಿಗುವ ಡಿಜಿಟಲ್ ಬೆಳ್ಳಿ ಇದಲ್ಲ. ಡಿಜಿಟಲ್ ಚಿನ್ನ ತನ್ನ ನಿಯಂತ್ರಣಕ್ಕೆ ಬರುವುದಿಲ್ಲ ಎಂದು 2025ರ ನವೆಂಬರ್‌ನಲ್ಲಿ ಸೆಬಿ ಎಚ್ಚರಿಸಿತು. ಬೆಳ್ಳಿಯದೂ ಅದೇ ಬಗೆಯ ವ್ಯವಹಾರ.

ತೆರಿಗೆಯಲ್ಲಿ ಸಣ್ಣ ವ್ಯತ್ಯಾಸವಿದೆ. ಲೋಹದ ಬೆಳ್ಳಿ 24 ತಿಂಗಳು ಮೀರಿ ಇಟ್ಟು ಮಾರಿದರೆ ಲಾಭದ ಮೇಲೆ ಶೇ 12.5. ಇಟಿಎಫ್‌ಗೆ 12 ತಿಂಗಳು ಸಾಕು. ಅದಕ್ಕಿಂತ ಮೊದಲು ಮಾರಿದರೆ ಲಾಭ ನಿಮ್ಮ ಆದಾಯಕ್ಕೆ ಸೇರುತ್ತದೆ. ಬಿಲ್ ಇಲ್ಲದ ನಾಣ್ಯಕ್ಕೆ ಅಸಲು ಎಷ್ಟೆಂದು ತೋರಿಸುವುದು ಕಷ್ಟ, ಇದು ಬಿಲ್‌ನ ಇನ್ನೊಂದು ಉಪಯೋಗ.

ಲೋಹದ ಪರವಾಗಿಯೂ ಒಂದು ಮಾತು ಹೇಳಬೇಕು. ಅಡವಿಟ್ಟು ಸಾಲ ಪಡೆಯುವ ಅವಕಾಶ ಈಗ ಬೆಳ್ಳಿಗೂ ಇದೆ. ರಿಸರ್ವ್ ಬ್ಯಾಂಕಿನ 2025ರ ನಿಯಮಗಳಂತೆ ಒಬ್ಬರು 10 ಕಿಲೋವರೆಗೆ ಬೆಳ್ಳಿ ಒಡವೆ, 500 ಗ್ರಾಂವರೆಗೆ ಬೆಳ್ಳಿ ನಾಣ್ಯ ಅಡವಿಡಬಹುದು. ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ 85ರ ಮಿತಿ. ಗಟ್ಟಿಯನ್ನು ಮಾತ್ರ ಅಡವಿಗೆ ತೆಗೆದುಕೊಳ್ಳುವುದಿಲ್ಲ. ಅಗತ್ಯ ಬಿದ್ದರೆ ಸಾಲ ತೆಗೆಯಬಹುದು ಎಂಬ ಧೈರ್ಯಕ್ಕೆ ಗಟ್ಟಿ ಕೊಳ್ಳುವವರು ಇದನ್ನು ತಿಳಿದಿರಬೇಕು. ನಿಮ್ಮ ನಾಣ್ಯಗಳನ್ನು ಪೂರ್ತಿ ಮಾರಬೇಡಿ ಎನ್ನಲು ನನಗೆ ಇದೂ ಒಂದು ಕಾರಣ. ಟಂಚ್ ಸರಿಯಿರುವ ಗುಂಪುಗಳನ್ನು ಇಟ್ಟುಕೊಂಡು, ಕಡಿಮೆ ಬಂದವನ್ನು ಮಾತ್ರ ಮಾರಿ. ಕಡಿಮೆ ಬಂದ ಗುಂಪಿಗೆ ಬಿಲ್ ಇದ್ದು, ಬಿಲ್‌ನಲ್ಲಿ 999 ಎಂದಿದ್ದರೆ ಲ್ಯಾಬ್ ಚೀಟಿಯ ಜೊತೆ ಕೊಟ್ಟ ಅಂಗಡಿಗೇ ಹೋಗಿ ಕೇಳಿ. ಒಪ್ಪದಿದ್ದರೆ ಗ್ರಾಹಕ ಆಯೋಗದ ದಾರಿಯಿದೆ.

ಇಡುವ ವಿಧಾನ ಸರಳ. ಪೂರ್ತಿ ಒಣಗಿಸಿ, ಸಾದಾ ಪಾಲಿಥೀನ್ ಜಿಪ್ ಕವರಿನಲ್ಲಿ ಗಾಳಿ ಹೊರಹಾಕಿ ಮುಚ್ಚಿ. ಜೊತೆಗೆ ಒಂದು ಸಿಲಿಕಾ ಜೆಲ್ ಪೊಟ್ಟಣ. ಪಿವಿಸಿ ಕವರು, ಉಣ್ಣೆ ಬಟ್ಟೆ ಬೇಡ. ಕಪ್ಪಾದ ಲಕ್ಷ್ಮಿ ನಾಣ್ಯಗಳನ್ನು ವಿಭೂತಿ, ಹಲ್ಲುಪುಡಿ ಹಾಕಿ ಉಜ್ಜಿದರೆ ಪ್ರತಿ ಸಲ ಸ್ವಲ್ಪ ಬೆಳ್ಳಿ ಬಟ್ಟೆಗೆ ಹೋಗುತ್ತದೆ. ಅದರ ಬದಲು ಬಟ್ಟಲಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಅರ್ಧ ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡ, ಚಿಟಿಕೆ ಉಪ್ಪು ಹಾಕಿ, ನಾಣ್ಯ ಫಾಯಿಲ್‌ಗೆ ತಾಗುವಂತೆ ಇಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ನಡೆಯುತ್ತಿದೆ ಎಂದರ್ಥ. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆಗೆ ಹೋಗುತ್ತದೆ, ಬೆಳ್ಳಿ ನಾಣ್ಯದಲ್ಲೇ ಉಳಿಯುತ್ತದೆ. ಬ್ಯಾಂಕ್ ಲಾಕರ್‌ನಲ್ಲಿ ಇಡುವುದಾದರೆ, ಕಳವು ಅಥವಾ ಬೆಂಕಿಯಾದಾಗ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ ಎಂಬುದು ಗೊತ್ತಿರಲಿ.

ಅತ್ತೆಯವರ ರಾಣಿ ರೂಪಾಯಿಗಳಿಗೆ ಮಾತ್ರ ಈ ಸೋಡದ ಸ್ನಾನವೂ ಬೇಡ. ವಿಕ್ಟೋರಿಯಾ ಕಾಲದ ರೂಪಾಯಿ ಒಂದು ತೊಲ ತೂಕದ್ದು, 11.66 ಗ್ರಾಂ, ಬೆಳ್ಳಿ ಶೇ 91.7. ಒಂದರಲ್ಲಿ 10.69 ಗ್ರಾಂ ಚೊಕ್ಕ ಬೆಳ್ಳಿ ಇರುತ್ತದೆ, ಸವೆದಿದ್ದರೆ ಸ್ವಲ್ಪ ಕಡಿಮೆ. ಒಂಬತ್ತನ್ನೂ ಇಸವಿ ನೋಡಿ ಬೇರ್ಪಡಿಸಿ. ನಡುವೆ 1940ರಿಂದ 1945ರೊಳಗಿನ ಆರನೇ ಜಾರ್ಜ್ ರೂಪಾಯಿ ಸೇರಿದ್ದರೆ ಅದರಲ್ಲಿ ಬೆಳ್ಳಿ ಅರ್ಧ ಮಾತ್ರ, 1947ರದಾದರೆ ಅದು ನಿಕ್ಕಲ್. ಪೂಜೆಗೆಂದು ಈಚೆಗೆ ಒತ್ತಿದ ನಕಲಿ ರಾಣಿ ನಾಣ್ಯಗಳೂ ಪೇಟೆಯಲ್ಲಿ ಬಹಳ. ಅವುಗಳ ತೂಕ ಸಾಮಾನ್ಯವಾಗಿ ತಪ್ಪಿರುತ್ತದೆ. ಮುಖದ ಗೆರೆಗಳು ಸಾಬೂನಿನ ಮೇಲೆ ಒತ್ತಿದಂತೆ ಮೃದುವಾಗಿರುತ್ತವೆ, ಅಂಚಿನ ಗೀರುಗಳು ಒಂದೇ ಸಮ ಇರುವುದಿಲ್ಲ. ಅಸಲಿ ಎಂದಾದರೆ ಕೆಲವು ಇಸವಿ, ಕೆಲವು ಟಂಕಸಾಲೆಯ ರೂಪಾಯಿಗಳಿಗೆ ಸಂಗ್ರಾಹಕರು ಲೋಹದ ಬೆಲೆಗಿಂತ ಹೆಚ್ಚು ಕೊಡುತ್ತಾರೆ. ಉಜ್ಜಿ ಹೊಳೆಸಿದ ನಾಣ್ಯವನ್ನು ಅವರು ಪಕ್ಕಕ್ಕೆ ಸರಿಸುತ್ತಾರೆ. ಒಡವೆ ಅಂಗಡಿಗೆ ತೋರಿಸುವ ಮೊದಲು ಹಳೇ ನಾಣ್ಯ ವ್ಯಾಪಾರಿಗಳಿಬ್ಬರಿಗೆ ತೋರಿಸಿ. ಅಲ್ಲಿಯವರೆಗೆ ಆ ಕಪ್ಪು ಹಾಗೆಯೇ ಇರಲಿ.